ಆಪ್ ಕ್ಯಾಬ್ ಹತ್ತೋ ಮುಂಚೆ, ಹತ್ತಿದ ಮೇಲೆ, ಇಳಿದ ಮೇಲೆ: ಪ್ರಯಾಣಿಕರಿಗೆ ಸಮಗ್ರ ಮಾರ್ಗದರ್ಶಿ

ರಾತ್ರಿ ಹನ್ನೊಂದರ ಹತ್ತಿರ, ಸಣ್ಣಗೆ ಮಳೆ, ಫೋನಲ್ಲಿ 14 ಪರ್ಸೆಂಟ್ ಚಾರ್ಜ್. ಬುಕ್ ಮಾಡಿದ ಗಾಡಿ ಬಂತು, ನಂಬರ್ ಸರಿ, ಬಣ್ಣ ಸರಿ, ಇನ್ನೇನು ಬಾಗಿಲು ತೆಗೀಬೇಕು ಅನ್ನೋಷ್ಟರಲ್ಲಿ ಒಳಗಿನ ಲೈಟ್ ಹತ್ಕೊಳ್ತು. ಆಪ್‌ನಲ್ಲಿರೋದು ಐವತ್ತರ ಆಸುಪಾಸಿನ, ಕನ್ನಡಕ ಹಾಕಿರೋ, ಮುಂದಲೆ ಕೂದಲು ಉದುರಿರೋ ಮನುಷ್ಯ. ಸೀಟಲ್ಲಿ ಕೂತಿರೋದು ಇಪ್ಪತ್ತೆರಡೋ ಇಪ್ಪತ್ಮೂರೋ ಇರಬಹುದಾದ ಹುಡುಗ. ಕೇಳಿದ್ರೆ, "ಅದು ನಮ್ಮ ಮಾವನ ಐಡಿ ಮೇಡಂ, ಅವ್ರಿಗೆ ಹುಷಾರಿಲ್ಲ, ಗಾಡಿ ಇದೇನೇ, ಬನ್ನಿ" ಅಂದ. ದನಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ, ನಿಜಕ್ಕೂ ಮಾವನಿಗೆ ಹುಷಾರಿಲ್ದೇ ಇರಬಹುದು. ಆದ್ರೂ ನಾನು ಹತ್ತಲಿಲ್ಲ.

ಯಾಕಂದ್ರೆ ಕಂಪನಿಯವರು ಯಾರನ್ನಾದ್ರೂ ಚೆಕ್ ಮಾಡಿದ್ರೆ ಅದು ಆ ಮಾವನನ್ನ. ಈ ಹುಡುಗನ ಹತ್ರ ಲೈಸೆನ್ಸ್ ಇದ್ಯಾ ಇಲ್ವಾ ಅನ್ನೋದೂ ಯಾರಿಗೂ ಗೊತ್ತಿಲ್ಲ. ಡ್ರೈವರ್ ಬ್ಯಾಕ್‌ಗ್ರೌಂಡ್ ಚೆಕ್ ಬಗ್ಗೆ ನಾವೆಲ್ಲ ಎಷ್ಟೋ ಮಾತಾಡ್ತೀವಿ, ಮಾತಾಡ್ಲೇಬೇಕು ಕೂಡ, ಆದ್ರೆ ಆ ಚೆಕ್ ಒಂದು ಹೆಸರಿನ, ಒಂದು ಅಕೌಂಟಿನ ಹಿಂದಿನ ದಿನಗಳನ್ನ ನೋಡತ್ತೆ. ಇವತ್ತು ರಾತ್ರಿ ಸ್ಟೀರಿಂಗ್ ಹಿಂದೆ ಕೂತಿರೋದು ಯಾರು ಅಂತ ಕಣ್ಣಾರೆ ನೋಡೋಕೆ ಆಗೋದು ಬಾಗಿಲ ಹತ್ರ ನಿಂತಿರೋ ನಿಮಗೆ ಮಾತ್ರ. ಅರ್ಧ ನಿಮಿಷದ ಕೆಲಸ. ಅದನ್ನ ಸರಿಯಾಗಿ ಮಾಡೋದು ಹೇಗೆ, ಅದಕ್ಕೆ ಮುಂಚೆ ಏನು ತಯಾರಿ, ಆಮೇಲೆ ಏನಾದ್ರೂ ಆದ್ರೆ ಏನು ಮಾಡ್ಬೇಕು, ಎಲ್ಲ ಒಂದೊಂದಾಗಿ ಬರೀತೀನಿ.

ಮೊದಲು: ಬ್ಯಾಕ್‌ಗ್ರೌಂಡ್ ಚೆಕ್‌ನಲ್ಲಿ ಏನು ನೋಡ್ತಾರೆ

ಇದನ್ನ ಬಿಟ್ಟು ಮುಂದಕ್ಕೆ ಹೋಗ್ಬೇಡಿ, ಇದು ಅರ್ಥ ಆದ್ರೆ ಮಿಕ್ಕಿದ್ದೆಲ್ಲ ಯಾಕೆ ಮಾಡ್ಬೇಕು ಅಂತ ತಾನಾಗೇ ಗೊತ್ತಾಗತ್ತೆ.

ಮುಖ್ಯವಾಗಿ ಎರಡು ರೀತಿ ಇದೆ. ಒಂದು, ಹೆಸರು, ಹುಟ್ಟಿದ ದಿನ, ಲೈಸೆನ್ಸ್ ನಂಬರ್ ಹಾಕಿ ಕೋರ್ಟ್ ದಾಖಲೆ, ಡ್ರೈವಿಂಗ್ ದಾಖಲೆ ಹುಡುಕೋದು. ಬೇಗ ಆಗತ್ತೆ, ಖರ್ಚು ಕಮ್ಮಿ, ಆದ್ರೆ ಹೆಸರು ಬದಲಾಯಿಸಿಕೊಂಡವರು, ಸ್ಪೆಲ್ಲಿಂಗ್ ಬೇರೆ ಇರೋರು, ಬೇರೆ ಊರಲ್ಲಿ ಕೇಸ್ ಇರೋರು ಜಾಲರಿಯಿಂದ ಜಾರಿಹೋಗಬಹುದು. ಇನ್ನೊಂದು ಬೆರಳಚ್ಚು ತಗೊಂಡು ಪೊಲೀಸ್ ದಾಖಲೆ ಜೊತೆ ತಾಳೆ ನೋಡೋದು. ಇದರಲ್ಲಿ ಇನ್ನೊಬ್ಬರ ಹೆಸರಲ್ಲಿ ನುಸುಳೋದು ಕಷ್ಟ. ನ್ಯೂಯಾರ್ಕ್ ನಗರದಲ್ಲಿ ಆಪ್ ಕ್ಯಾಬ್ ಓಡಿಸೋರಿಗೂ ಬೆರಳಚ್ಚು ಕಡ್ಡಾಯ. ಇದರಲ್ಲೂ ತೊಂದರೆ ಇಲ್ಲ ಅಂತಲ್ಲ, ಅರೆಸ್ಟ್ ಆಗಿ ಆಮೇಲೆ ಕೇಸ್ ಬಿದ್ದುಹೋದವರ ಹೆಸರೂ ಹಾಗೇ ಉಳ್ಕೊಂಡಿರತ್ತೆ, ತಪ್ಪು ಮಾಡದವರ ಹೊಟ್ಟೆ ಮೇಲೆ ಹೊಡೆದ ಹಾಗಾಗತ್ತೆ ಅನ್ನೋ ವಾದ ಇದೆ, ಅದರಲ್ಲಿ ಹುರುಳೂ ಇದೆ.

ಈ ಬೆರಳಚ್ಚಿನ ವಿಷಯಕ್ಕೇ ಅಮೆರಿಕದ ಆಸ್ಟಿನ್‌ನಲ್ಲಿ 2016ರ ಮೇ ತಿಂಗಳಲ್ಲಿ ಜನ ಮತ ಹಾಕಿ ನಿಯಮ ಇರಲಿ ಅಂದಾಗ ಊಬರ್, ಲಿಫ್ಟ್ ಅನ್ನೋ ಆಪ್ ಕ್ಯಾಬ್ ಕಂಪನಿಗಳು ಎರಡೂ ಆ ಊರು ಬಿಟ್ಟುಹೋದ್ವು, ಮಾರನೇ ವರ್ಷ ಟೆಕ್ಸಸ್ ರಾಜ್ಯವೇ ಬೇರೆ ಕಾನೂನು ತಂದು ಊರಿನ ನಿಯಮ ತೆಗೆದ ಮೇಲೆ ವಾಪಸ್ ಬಂದ್ವು.

ಕಂಪನಿ ಮಾಡೋ ಚೆಕ್ ಸಾಕಾ, ಸರ್ಕಾರವೂ ಮಾಡ್ಬೇಕಾ ಅಂತ ಕೇಳೋರಿಗೆ ನಾನು ಮ್ಯಾಸಚೂಸೆಟ್ಸ್ ಲೆಕ್ಕ ಹೇಳ್ತೀನಿ. ಅಲ್ಲಿ 2016ರ ಕಾನೂನಿನ ಪ್ರಕಾರ ಕಂಪನಿ ಚೆಕ್ ಪಾಸಾದ ಡ್ರೈವರ್‌ಗಳನ್ನ ರಾಜ್ಯ ಸರ್ಕಾರ ಎರಡನೇ ಸಲ ನೋಡಿತು. 2017ರಲ್ಲಿ ಮೊದಲ ಸುತ್ತು ಮುಗಿದಾಗ ಸುಮಾರು 71 ಸಾವಿರ ಜನರಲ್ಲಿ 8,206 ಜನ ಫೇಲ್. ಕೆಲವರದ್ದು ಸಸ್ಪೆಂಡ್ ಆದ ಲೈಸೆನ್ಸ್, ಕೆಲವರ ಮೇಲೆ ಹಿಂಸೆಯ ಕೇಸ್, ಲೈಂಗಿಕ ಅಪರಾಧದ ಕೇಸ್. ಹತ್ತರಲ್ಲಿ ಒಬ್ಬರಿಗಿಂತ ಜಾಸ್ತಿ ಆಯ್ತು, ನೆನಪಿಟ್ಕೊಳ್ಳಿ.

ಕಾಗದ ಇದ್ದ ಮಾತ್ರಕ್ಕೂ ಆಗಲ್ಲ. ದೆಹಲಿಯಲ್ಲಿ 2014ರ ಡಿಸೆಂಬರ್‌ನಲ್ಲಿ ಊಬರ್ ಕ್ಯಾಬ್‌ನಲ್ಲಿ ಮನೆಗೆ ಹೊರಟ ಯುವತಿ ಮೇಲೆ ಅತ್ಯಾಚಾರ ಆಯ್ತಲ್ಲ, ಆ ಡ್ರೈವರ್ ಅದಕ್ಕೂ ಹಿಂದೆ ಅತ್ಯಾಚಾರದ ಆರೋಪದ ಮೇಲೆ ಅರೆಸ್ಟ್ ಆಗಿದ್ದವನು, ಅವನು ಇಟ್ಕೊಂಡಿದ್ದ ನಡತೆ ಪ್ರಮಾಣಪತ್ರ ನಕಲಿ ಅಂತ ಪೊಲೀಸರು ಹೇಳಿದ್ರು. ಮುಂದಿನ ವರ್ಷ ಕೋರ್ಟ್ ಅವನಿಗೆ ಜೀವಾವಧಿ ಶಿಕ್ಷೆ ಕೊಡ್ತು. ಆ ಕಾಗದ ಅಸಲಿನಾ ಅಂತ ಅದನ್ನ ಕೊಟ್ಟ ಆಫೀಸಿಗೇ ಒಂದು ಮಾತು ಕೇಳಿ ಖಾತ್ರಿ ಮಾಡ್ಕೊಂಡಿದ್ರೆ ಅವನು ಆ ರಾತ್ರಿ ಆ ಸೀಟಲ್ಲಿ ಇರ್ತಿದ್ನಾ ಅಂತ ಯೋಚನೆ ಮಾಡಿದ್ರೆ ಈಗಲೂ ಹೊಟ್ಟೆ ಉರಿಯತ್ತೆ.

ಇನ್ನು ಅಕೌಂಟ್ ಒಬ್ಬರದ್ದು, ಓಡಿಸೋದು ಇನ್ನೊಬ್ಬರು ಅನ್ನೋ ವಿಷಯ. ಲಂಡನ್ ಸಾರಿಗೆ ಪ್ರಾಧಿಕಾರ 2019ರ ನವೆಂಬರ್‌ನಲ್ಲಿ ಊಬರ್‌ಗೆ ಲೈಸೆನ್ಸ್ ಮುಂದುವರಿಸಲ್ಲ ಅಂತ ಹೇಳಿದ್ದು ಮುಖ್ಯವಾಗಿ ಇದಕ್ಕೇ. ಬೇರೆಯವರ ಅಕೌಂಟಿಗೆ ತಮ್ಮ ಫೋಟೋ ಹಾಕ್ಕೊಂಡು ಕೆಲವರು ಗಾಡಿ ಓಡಿಸಿದ್ರು, ಅಂಥ ಕನಿಷ್ಠ 14,000 ಟ್ರಿಪ್ ಸಿಕ್ಕವು, ಆ ಟ್ರಿಪ್‌ಗಳಿಗೆ ಇನ್ಶೂರೆನ್ಸೂ ಇರಲಿಲ್ಲ. ವ್ಯವಸ್ಥೆ ಸರಿ ಮಾಡ್ಕೊಂಡ ಮೇಲೆ 2020ರಲ್ಲಿ ಕೋರ್ಟ್ 18 ತಿಂಗಳ ಲೈಸೆನ್ಸ್ ಕೊಡ್ತು. ಚೀನಾದ ಝೆಂಗ್‌ಝೌನಲ್ಲಿ 2018ರ ಮೇ ತಿಂಗಳಲ್ಲಿ ದೀದಿ ಆಪ್‌ನ ಗಾಡಿ ಹತ್ತಿದ 21 ವರ್ಷದ ಹುಡುಗಿಯ ಕೊಲೆ ಆಯ್ತು, ಆರೋಪಿ ಓಡಿಸ್ತಿದ್ದದ್ದು ತನ್ನ ಅಪ್ಪನ ಅಕೌಂಟಲ್ಲಿ. ಮಾವನ ಐಡಿ ಅಂತ ಆ ಹುಡುಗ ಅಂದಾಗ ನನ್ನ ತಲೆಗೆ ಬಂದದ್ದು ಇದೇ.

ನಿಮ್ಮಲ್ಲಿರೋ ನಿಯಮ ತಿಳ್ಕೊಳ್ಳೋ ಬಗೆ

ಎಲ್ಲ ಕಡೆ ಒಂದೇ ಕಾನೂನಿಲ್ಲ. ಕ್ಯಾಲಿಫೋರ್ನಿಯಾ 2013ರಲ್ಲೇ ಇಂಥ ಕಂಪನಿಗಳಿಗೆ ಅಂತ ಬೇರೆ ನಿಯಮ ಮಾಡಿತು. ಯುರೋಪಿನ ಉನ್ನತ ನ್ಯಾಯಾಲಯ 2017ರ ಡಿಸೆಂಬರ್‌ನಲ್ಲಿ ಊಬರ್ ಬರೀ ಆಪ್ ಅಲ್ಲ, ಸಾರಿಗೆ ಸೇವೆ ಅಂತ ತೀರ್ಪು ಕೊಟ್ಟಿತು, ಅಂದ್ರೆ "ನಾವು ಬರೀ ಸಾಫ್ಟ್‌ವೇರ್ ಕಂಪನಿ" ಅಂತ ಕೈತೊಳ್ಕೊಳ್ಳೋ ಹಾಗಿಲ್ಲ. ಭಾರತದಲ್ಲಿ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಲ್ಲಿ ಮೊದಲ ಸಲ ಅಗ್ರಿಗೇಟರ್ (ಪ್ರಯಾಣಿಕರನ್ನೂ ಡ್ರೈವರ್‌ಗಳನ್ನೂ ಆಪ್ ಮೂಲಕ ಸೇರಿಸೋ ಕಂಪನಿ) ಅನ್ನೋ ಪದ ಬಂತು, 2020ರ ನವೆಂಬರ್‌ನಲ್ಲಿ ಕೇಂದ್ರದ ಮಾರ್ಗಸೂಚಿ ಬಂತು, ಅದರಲ್ಲಿ ಪೊಲೀಸ್ ವೆರಿಫಿಕೇಶನ್, ಡ್ರೈವರ್‌ಗೆ ಟ್ರೈನಿಂಗ್, ದಿನಕ್ಕೆ 12 ಗಂಟೆ ಮಿತಿ ಎಲ್ಲ ಇತ್ತು, 2025ರಲ್ಲಿ ಅದರ ಬದಲಿಗೆ ಹೊಸ ಮಾರ್ಗಸೂಚಿ ಬಂತು, ಲೈಸೆನ್ಸ್ ಕೊಡೋದು ಮಾತ್ರ ಆಯಾ ರಾಜ್ಯ. ಇಂಗ್ಲೆಂಡಲ್ಲಿ 2020ರ ಮಾನದಂಡದ ಪ್ರಕಾರ ಡ್ರೈವರ್‌ನ ಅಪರಾಧ ದಾಖಲೆಯನ್ನ ಆರು ತಿಂಗಳಿಗೊಮ್ಮೆ ನೋಡ್ಬೇಕು. ಈ ಕೊನೇದು ನನಗೆ ತುಂಬ ಸರಿ ಅನ್ಸತ್ತೆ, ಸೇರೋವಾಗ ಒಂದು ಸಲ ನೋಡಿ ಫೈಲ್ ಮುಚ್ಚಿದ್ರೆ ಮಾರನೇ ವರ್ಷ ಆದ ಕೇಸ್ ಯಾರಿಗೆ ಗೊತ್ತಾಗತ್ತೆ?

ನೀವು ಮಾಡ್ಬೇಕಾದ್ದು ಇಷ್ಟೇ: ನಿಮ್ಮ ಸಾರಿಗೆ ಇಲಾಖೆಯ ವೆಬ್‌ಸೈಟಲ್ಲಿ ನೀವು ಬಳಸೋ ಕಂಪನಿಗೆ ಈಗ ಚಾಲ್ತಿ ಲೈಸೆನ್ಸ್ ಇದ್ಯಾ ನೋಡಿ, ಡ್ರೈವರ್ ಗಾಡಿಯೊಳಗೆ ಏನೇನು ಕಾಣೋ ಹಾಗೆ ಇಡ್ಬೇಕು ಅಂತ ನೋಡಿ, ದೂರು ತಗೊಳ್ಳೋ ನಂಬರ್ ಯಾವುದು ಅಂತ ಸೇವ್ ಮಾಡ್ಕೊಳ್ಳಿ. ಹತ್ತು ನಿಮಿಷದ ಕೆಲಸ, ಒಂದೇ ಸಲ.

ಹಂತ 1: ಆರಾಮಾಗಿ ಕೂತಿರೋವಾಗಲೇ ಫೋನ್ ತಯಾರಿ

ಗಾಬರಿ ಆದಾಗ ಸೆಟ್ಟಿಂಗ್ ಹುಡುಕೋಕೆ ಆಗಲ್ಲ, ಅದಕ್ಕೇ ಇದನ್ನ ಇವತ್ತೇ ಮಾಡಿ. ಆಪ್ ತೆಗೆದು ಸೇಫ್ಟಿ ಅನ್ನೋ ಭಾಗಕ್ಕೆ ಹೋಗಿ ಇಬ್ಬರು ನಂಬಿಕಸ್ತರ ನಂಬರ್ ಸೇರಿಸಿ, ಟ್ರಿಪ್ ಶೇರ್ ತಾನಾಗೇ ಹೋಗೋ ಹಾಗೆ ಇಡಿ, ಪಿನ್ ಅಥವಾ ಒಟಿಪಿ ಹೇಳಿದ ಮೇಲೇ ಟ್ರಿಪ್ ಶುರು ಆಗೋ ಆಯ್ಕೆ ಇದ್ರೆ ಆನ್ ಮಾಡಿ, ಆಡಿಯೋ ರೆಕಾರ್ಡಿಂಗ್ ಇದ್ರೆ ಅದನ್ನೂ. ತುರ್ತು ಬಟನ್ ಎಲ್ಲಿದೆ ಅಂತ ಬೆರಳಿಗೆ ಗೊತ್ತಿರ್ಬೇಕು. ಅದನ್ನ ಒತ್ತಿದ್ರೆ ಕರೆ ಪೊಲೀಸರಿಗೆ ಹೋಗತ್ತಾ ಕಂಪನಿಯ ಕಾಲ್ ಸೆಂಟರಿಗಾ ಅಂತ ಓದಿಟ್ಕೊಳ್ಳಿ, ಎರಡೂ ಒಂದೇ ಅಲ್ಲ. ಭಾರತ, ಯುರೋಪ್ ಸೇರಿ ಬಹಳ ದೇಶಗಳಲ್ಲಿ 112, ಅಮೆರಿಕದಲ್ಲಿ 911, ಬ್ರಿಟನ್ನಿನಲ್ಲಿ 999. ಪವರ್ ಬಟನ್ ಬೇಗ ಬೇಗ ಐದು ಸಲ ಒತ್ತಿದ್ರೆ ತುರ್ತು ಕರೆ ಹೋಗೋ ಸೌಲಭ್ಯ ಈಗಿನ ಎಷ್ಟೋ ಫೋನ್‌ಗಳಲ್ಲಿದೆ, ನಿಮ್ಮದರಲ್ಲಿ ಆನ್ ಇದ್ಯಾ ನೋಡಿ.

ಪ್ರೊಫೈಲಲ್ಲಿ ಪೂರ್ತಿ ಹೆಸರು ಬೇಡ, ಮೊದಲ ಹೆಸರು ಸಾಕು. ಮತ್ತೆ ಚಾರ್ಜ್! ಆ ರಾತ್ರಿ 14 ಪರ್ಸೆಂಟ್ ಇಟ್ಕೊಂಡು ನಿಂತಿದ್ದು ನನ್ನ ತಪ್ಪು, ಈಗ ಪವರ್ ಬ್ಯಾಂಕ್ ಬ್ಯಾಗಿಂದ ಆಚೆ ತೆಗಿಯೋದೇ ಇಲ್ಲ.

ಹಂತ 2: ಬುಕ್ ಮಾಡೋದು, ಕಾಯೋದು

ಗಾಡಿ ಬರೋವರೆಗೂ ಒಳಗೇ ಇರಿ, ಬೆಳಕಿರೋ ಕಡೆ. ಕೈಯಲ್ಲಿ ಫೋನ್ ಹಿಡ್ಕೊಂಡು ರಸ್ತೆ ಬದಿ ನಿಂತು ಎಡಕ್ಕೆ ಬಲಕ್ಕೆ ನೋಡ್ತಿದ್ರೆ ನೀವು ಕ್ಯಾಬಿಗೆ ಕಾಯ್ತಿದೀರ ಅಂತ ನೋಡೋರಿಗೆಲ್ಲ ಗೊತ್ತಾಗತ್ತೆ. ಮಾತಾಡೋದಿದ್ರೆ ಆಪ್ ಒಳಗಿಂದಲೇ ಕಾಲ್ ಮಾಡಿ, ಬಹಳ ಆಪ್‌ಗಳಲ್ಲಿ ನಿಮ್ಮ ನಂಬರ್ ಅವರಿಗೆ ಕಾಣಲ್ಲ.

"ಆಪ್‌ನಲ್ಲಿ ಕ್ಯಾನ್ಸಲ್ ಮಾಡಿ, ನಾನೇ ಬಿಡ್ತೀನಿ, ಕ್ಯಾಶ್ ಕೊಡಿ" ಅಂದ್ರೆ ಬೇಡ ಅನ್ನಿ. ಡ್ರೈವರ್‌ಗೆ ಕಮಿಷನ್ ಉಳಿಯತ್ತೆ, ನಿಮಗೂ ನಾಲ್ಕು ಕಾಸು ಕಮ್ಮಿ ಆಗಬಹುದು, ಅವರ ಕಷ್ಟವೂ ನಿಜವೇ. ಆದ್ರೆ ಕ್ಯಾನ್ಸಲ್ ಒತ್ತಿದ ಕ್ಷಣಕ್ಕೆ ನಿಮ್ಮ ಟ್ರಿಪ್ ಅನ್ನೋದೇ ಇಲ್ಲ, ಜಿಪಿಎಸ್ ದಾಖಲೆ ಇಲ್ಲ, ಮನೆಯವರ ಫೋನಲ್ಲಿ ಓಡ್ತಿದ್ದ ಚುಕ್ಕಿ ಇಲ್ಲ, ಅಪಘಾತ ಆದ್ರೆ ಕಂಪನಿ ಕಡೆಯ ಇನ್ಶೂರೆನ್ಸ್ ಕೂಡ ಸಿಗಲ್ಲ, ಅದು ಸಿಗೋದು ಆಪ್‌ನಲ್ಲಿ ಟ್ರಿಪ್ ಚಾಲ್ತಿ ಇದ್ದಾಗ. ಒಂದು ಬಟನ್ನಿಗೆ ಇಷ್ಟೆಲ್ಲ ಹೋಗತ್ತೆ.

ಹಂತ 3: ಬಾಗಿಲ ಹತ್ರ ಅರ್ಧ ನಿಮಿಷ

ಇಡೀ ಲೇಖನದಲ್ಲಿ ಇದೊಂದೇ ನೆನಪಿದ್ರೂ ಸಾಕು ಅಂತ ನನಗನ್ಸತ್ತೆ. ಮೊದಲು ನಂಬರ್ ಪ್ಲೇಟ್, ಪೂರ್ತಿ ನಂಬರ್, ಬರೀ ಕೊನೇ ನಾಲ್ಕು ಅಂಕೆ ಅಲ್ಲ. ಆಮೇಲೆ ಗಾಡಿ ಮಾಡೆಲ್, ಬಣ್ಣ. ಆಮೇಲೆ ಮುಖ. ಕತ್ತಲಿದ್ರೆ ಒಳಗಿನ ಲೈಟ್ ಹಾಕಿ ಅಂತ ಕೇಳಿ, ಕೇಳೋಕೆ ಸಂಕೋಚ ಬೇಡ, ಒಳ್ಳೆ ಡ್ರೈವರ್ ಯಾರೂ ಬೇಜಾರು ಮಾಡ್ಕೊಳ್ಳಲ್ಲ.

ಆಮೇಲೆ ಒಂದು ಪ್ರಶ್ನೆ: "ಯಾರ ಹೆಸರಿಗೆ ಬಂದಿದೀರ?" ನೀವೇ "ಇದು ಇಂಥವರ ಕ್ಯಾಬಾ?" ಅಂತ ಕೇಳಿದ್ರೆ ಯಾರು ಬೇಕಾದ್ರೂ ಹೂಂ ಅಂತಾರೆ, ಅದಕ್ಕೇ ಹೆಸರು ಅವರ ಬಾಯಿಂದ ಬರ್ಬೇಕು. ಅಮೆರಿಕದ ದಕ್ಷಿಣ ಕೆರೊಲಿನಾದಲ್ಲಿ 2019ರ ಮಾರ್ಚ್‌ನಲ್ಲಿ ಕಾಲೇಜು ವಿದ್ಯಾರ್ಥಿನಿಯೊಬ್ಬಳು ತಾನು ಬುಕ್ ಮಾಡಿದ ಕಾರು ಅಂದ್ಕೊಂಡು ಬೇರೆ ಯಾರದ್ದೋ ಕಾರು ಹತ್ತಿ ಕೊಲೆಯಾಗಿ ಹೋದಳು. ಆ ಕಾರಿನ ಡ್ರೈವರ್ ಯಾವ ಆಪ್‌ನಿಂದಲೂ ಅವಳಿಗೋಸ್ಕರ ಬಂದವನಲ್ಲ, ಅಂಥ ಕಡೆ ಜಗತ್ತಿನ ಯಾವ ಬ್ಯಾಕ್‌ಗ್ರೌಂಡ್ ಚೆಕ್ಕೂ ಕೆಲಸಕ್ಕೆ ಬರಲ್ಲ. "ನನ್ನ ಹೆಸರೇನು" ಅಂತ ಕೇಳಿ ಹತ್ತಿ ಅನ್ನೋ ಅಭಿಯಾನ ಅವಳ ಮನೆಯವರು ಶುರು ಮಾಡಿದ್ದು ಆಮೇಲೆ. ಆ ಕಾರಲ್ಲಿ ಹಿಂದಿನ ಬಾಗಿಲಿನ ಚೈಲ್ಡ್ ಲಾಕ್ ಹಾಕಿತ್ತು ಅಂತ ಪೊಲೀಸರು ಹೇಳಿದ್ರು.

ಹಾಗಾಗಿ ಚೈಲ್ಡ್ ಲಾಕ್ ನೋಡೋದು ಕಲೀರಿ. ಹಿಂದಿನ ಬಾಗಿಲು ಪೂರ್ತಿ ತೆಗೆದಾಗ ಬಾಗಿಲಿನ ದಪ್ಪ ಅಂಚು ಕಾಣತ್ತಲ್ಲ, ಮುಚ್ಚಿದಾಗ ಗಾಡಿ ಒಳಗೆ ಸೇರ್ಕೊಳ್ಳೋ ಭಾಗ, ಅಲ್ಲಿ ಕೊಂಡಿ ಸಿಕ್ಕಿಹಾಕ್ಕೊಳ್ಳೋ ಜಾಗದ ಹತ್ತಿರ ಉಗುರಷ್ಟು ದೊಡ್ಡ ಒಂದು ಪ್ಲಾಸ್ಟಿಕ್ ಕಡ್ಡಿ ಇರತ್ತೆ, ಪಕ್ಕದಲ್ಲಿ ಮಗುವಿನದ್ದೋ ಬೀಗದ್ದೋ ಪುಟ್ಟ ಚಿತ್ರ. ಕೆಲವು ಗಾಡಿಗಳಲ್ಲಿ ಕಡ್ಡಿ ಬದಲು ಕೀ ತುದಿ ಹಾಕಿ ತಿರುಗಿಸೋ ಸೀಳು. ಅದು ಲಾಕ್ ಕಡೆ ಇದ್ರೆ ಒಳಗಿನ ಹ್ಯಾಂಡಲ್ ಎಷ್ಟು ಎಳೆದ್ರೂ ಬಾಗಿಲು ತೆಗಿಯಲ್ಲ, ಹೊರಗಿನ ಹ್ಯಾಂಡಲ್‌ನಿಂದ ಮಾತ್ರ ತೆಗಿಯತ್ತೆ. ಬೆರಳಲ್ಲಿ ಇನ್ನೊಂದು ಕಡೆ ತಳ್ಳಿ, ಆಯ್ತು. ಯಾರೋ ಮಕ್ಕಳಿರೋರು ಹತ್ತಿದಾಗ ಹಾಕಿ ಮರೆತಿರೋದೂ ಉಂಟು, ಎಲ್ಲದರಲ್ಲೂ ಸಂಚು ಹುಡುಕ್ಬೇಡಿ, ಆದ್ರೆ ತೆಗೆದೇ ಕೂತ್ಕೊಳ್ಳಿ. ಅಕಸ್ಮಾತ್ ಒಳಗೆ ಸಿಕ್ಕಿಹಾಕ್ಕೊಂಡ್ರೆ ಕಿಟಕಿ ಗಾಜು ಇಳಿಸಿ, ಕೈ ಹೊರಗೆ ಹಾಕಿ ಹೊರಗಿನ ಹ್ಯಾಂಡಲ್ ಎಳೀಬೇಕು.

ಮುಖ ಬೇರೆ, ನಂಬರ್ ಬೇರೆ, ಹೆಸರು ತಪ್ಪು, ಇದರಲ್ಲಿ ಒಂದಿದ್ರೂ ಹತ್ಬೇಡಿ. ವಾದ ಮಾಡ್ತಾ ನಿಲ್ಬೇಡಿ, ಮತ್ತೆ ಒಳಗೆ ಹೋಗಿ ಕ್ಯಾನ್ಸಲ್ ಮಾಡಿ, ಕಾರಣ ಕೇಳಿದಾಗ ಡ್ರೈವರ್ ಅಥವಾ ಗಾಡಿ ಬೇರೆ ಅನ್ನೋದನ್ನೇ ಆರಿಸಿ. "ಪ್ಲಾನ್ ಬದಲಾಯ್ತು" ಅಂತ ಒತ್ತಿಬಿಟ್ರೆ ಆ ಅಕೌಂಟನ್ನ ಯಾರೂ ನೋಡಲ್ಲ.

ಹಂತ 4: ಗಾಡಿಯೊಳಗೆ

ಹಿಂದಿನ ಸೀಟು, ಡ್ರೈವರ್‌ನ ನೇರ ಹಿಂದೆ ಬೇಡ, ಇನ್ನೊಂದು ಬದಿಗೆ ಕೂತ್ಕೊಳ್ಳಿ, ಅವರ ಕೈ, ಮುಖ ನಿಮಗೆ ಕಾಣ್ಬೇಕು. ಬೆಲ್ಟ್ ಹಾಕಿ. ನಾವು ಬರೀ ಕೆಟ್ಟ ಮನುಷ್ಯರ ಬಗ್ಗೆ ಹೆದರ್ತೀವಿ, ಅಪಘಾತ ಮರೀತೀವಿ. ಊಬರ್ ತಾನೇ 2019ರಲ್ಲಿ ಬಿಡುಗಡೆ ಮಾಡಿದ ವರದಿಯಲ್ಲಿ ಅಮೆರಿಕದಲ್ಲಿ 2017, 2018 ಎರಡು ವರ್ಷಕ್ಕೆ 5,981 ಲೈಂಗಿಕ ದೌರ್ಜನ್ಯದ ದೂರು, ಅಪಘಾತದಲ್ಲಿ 107 ಸಾವು ಅಂತ ಇದೆ. ಸೀಟ್ ಬೆಲ್ಟ್ ಹಾಕಿದ್ರೆ ಸಾವಿನ ಅಪಾಯ ಅರ್ಧದವರೆಗೂ ಕಮ್ಮಿ ಆಗತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳತ್ತೆ. ಹಿಂದಿನ ಸೀಟಲ್ಲಿ ಬೆಲ್ಟ್ ಕೊಂಡಿ ಕವರ್ ಕೆಳಗೆ ಹೂತುಹೋಗಿದ್ರೆ ತೆಗೆಸಿ. ಬೈಕ್ ಟ್ಯಾಕ್ಸಿ ಆದ್ರೆ ಹೆಲ್ಮೆಟ್, ಪಟ್ಟಿ ಬಿಗಿಯಾಗಿ.

ಅದೇ ವರದಿಯಲ್ಲಿ ದೌರ್ಜನ್ಯ ಮಾಡಿದ ಆರೋಪ ಇರೋರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಪ್ರಯಾಣಿಕರು. ಅಂದ್ರೆ ರಾತ್ರಿ ಹೊತ್ತು ಗುರುತಿಲ್ಲದವರನ್ನ ಬೆನ್ನ ಹಿಂದೆ ಕೂರಿಸ್ಕೊಂಡು ಹೋಗೋ ಡ್ರೈವರ್‌ಗೂ ಭಯ ಇರತ್ತೆ, ಅವರು ನಿಮ್ಮ ಹೆಸರು, ಪಿನ್ ಕೇಳಿದ್ರೆ ಸರಿಯಾಗಿ ಹೇಳಿ.

ನಿಮ್ಮ ಫೋನಲ್ಲೂ ಮ್ಯಾಪ್ ಓಡ್ತಿರ್ಲಿ. ದಾರಿ ಬದಲಾದ ತಕ್ಷಣ ಕೆಟ್ಟದ್ದು ಅಂದ್ಕೊಳ್ಬೇಕಾಗಿಲ್ಲ, ಟ್ರಾಫಿಕ್ ಇರಬಹುದು, "ಈ ಕಡೆ ಯಾಕೆ ಬಂದ್ವಿ?" ಅಂತ ಸಹಜವಾಗಿ ಕೇಳಿ, ಉತ್ತರ ಹೇಗೆ ಬರತ್ತೆ ಅನ್ನೋದರಲ್ಲೇ ಬಹಳ ಗೊತ್ತಾಗತ್ತೆ. ಒಂಟಿಯಾಗಿ ಇರ್ತೀನಿ, ಮನೇಲಿ ಯಾರೂ ಇಲ್ಲ ಅಂತೆಲ್ಲ ಫೋನಲ್ಲಿ ಮಾತಾಡ್ಬೇಡಿ.

ನಿದ್ದೆ ಲಕ್ಷಣ ಗಮನಿಸಿ, ಪದೇ ಪದೇ ಆಕಳಿಕೆ, ಗಾಡಿ ಲೇನ್ ಬಿಟ್ಟು ಜಾರೋದು, ಬ್ರೇಕ್ ತಡವಾಗಿ ಬೀಳೋದು. ದಿನಕ್ಕೆ ಇಷ್ಟೇ ಗಂಟೆ ಅಂತ ನಿಯಮ ಇದ್ರೂ ಒಂದು ಆಪ್‌ನಿಂದ ಲಾಗ್‌ಔಟ್ ಆಗಿ ಇನ್ನೊಂದಕ್ಕೆ ಹೋದ್ರೆ ಮೊದಲನೇ ಆಪ್‌ನ ಲೆಕ್ಕ ಅಲ್ಲಿಗೇ ನಿಲ್ಲತ್ತೆ. ಅಂಥ ಡ್ರೈವರ್ ಮೇಲೆ ಕೂಗಾಡಿ ಉಪಯೋಗ ಇಲ್ಲ, "ಅಣ್ಣ, ಐದು ನಿಮಿಷ ನಿಲ್ಸಿ ಮುಖ ತೊಳ್ಕೊಳ್ಳಿ, ನನಗೇನೂ ಅವಸರ ಇಲ್ಲ" ಅಂದ್ರೆ ಇಬ್ಬರ ಜೀವಕ್ಕೂ ಒಳ್ಳೇದು.

ಹಂತ 5: ಏನೋ ಸರಿ ಇಲ್ಲ ಅನ್ಸಿದ್ರೆ

ಹೆಜ್ಜೆ ಚಿಕ್ಕದರಿಂದ ದೊಡ್ಡದಕ್ಕೆ. ಮೊದಲು ಮನೆಯವರಿಗೆ ಕಾಲ್ ಮಾಡಿ, ಡ್ರೈವರ್‌ಗೆ ಕೇಳೋ ಹಾಗೆ ಗಾಡಿ ನಂಬರ್ ಹೇಳಿ, ಈಗ ಎಲ್ಲಿದೀನಿ ಅಂತ ಹೇಳಿ. ಆಮೇಲೆ ಜನ ಇರೋ ಜಾಗ ನೋಡಿ, ಪೆಟ್ರೋಲ್ ಬಂಕೋ ಆಸ್ಪತ್ರೆಯೋ, "ಇಲ್ಲೇ ನಿಲ್ಸಿ" ಅನ್ನಿ, ಕಾರಣ ಕೊಡ್ಬೇಕಾಗಿಲ್ಲ. ನಿಲ್ಲಿಸದೇ ಇದ್ರೆ ತುರ್ತು ಬಟನ್, ತುರ್ತು ನಂಬರ್, ಎರಡೂ. ಪೊಲೀಸರು ಎತ್ತಿದ ಕೂಡಲೇ ಮೊದಲು ಜಾಗ, ಆಮೇಲೆ ಗಾಡಿ ನಂಬರ್, ಆಮೇಲೆ ವಿಷಯ, ಯಾಕಂದ್ರೆ ಕಾಲ್ ಮಧ್ಯದಲ್ಲಿ ಕಟ್ ಆದ್ರೂ ಜಾಗ ಗೊತ್ತಿರ್ಬೇಕು. ಗಾಜು ಇಳಿಸಿ ಸಿಗ್ನಲಲ್ಲಿ ಕೂಗಿ, ನಾಚಿಕೆ ಬೇಡವೇ ಬೇಡ. ಓಡ್ತಿರೋ ಗಾಡಿಯಿಂದ ಹಾರೋದು ಮಾತ್ರ ಬೇಡ, ವೇಗ ಕಮ್ಮಿ ಆಗೋ ಕಡೆಗೆ ಕಾಯಿರಿ.

ಹಂತ 6: ಇಳಿದ ಮೇಲೆ, ದೂರು

ಬಹಳ ಜನ ಇದನ್ನ ಬಿಟ್ಟುಬಿಡ್ತಾರೆ, ಮನೆ ಸೇರಿದೆನಲ್ಲ ಸಾಕು ಅಂತ. ದಯವಿಟ್ಟು ಬಿಡ್ಬೇಡಿ. ಚೀನಾದ ಯುಯೆಚಿಂಗ್‌ನಲ್ಲಿ 2018ರ ಆಗಸ್ಟ್‌ನಲ್ಲಿ 20 ವರ್ಷದ ಹುಡುಗಿಯನ್ನ ದೀದಿ ಡ್ರೈವರ್ ಕೊಂದ. ಅದರ ಹಿಂದಿನ ದಿನವೇ ಇನ್ನೊಬ್ಬ ಪ್ರಯಾಣಿಕರು ಅದೇ ಡ್ರೈವರ್ ಬಗ್ಗೆ ದೂರು ಕೊಟ್ಟಿದ್ರು, ನಿರ್ಜನ ಜಾಗಕ್ಕೆ ಕರ್ಕೊಂಡು ಹೋದ, ಇಳಿದ ಮೇಲೂ ಹಿಂಬಾಲಿಸಿದ ಅಂತ. ಆ ದೂರನ್ನ ಸಮಯಕ್ಕೆ ಸರಿಯಾಗಿ ವಿಚಾರಣೆ ಮಾಡ್ಲಿಲ್ಲ ಅಂತ ಕಂಪನಿ ಆಮೇಲೆ ಒಪ್ಪಿಕೊಳ್ತು. ದೂರು ಕೊಟ್ಟವರು ತಮ್ಮ ಕೆಲಸ ಮಾಡಿದ್ರು, ಅದನ್ನ ತೆಗೆದು ನೋಡ್ಬೇಕಾದವರು ನೋಡ್ಲಿಲ್ಲ. ಅದಕ್ಕೇ ದೂರು ಕೊಡೋದೂ ಬೇಕು, ಅದರ ಬೆನ್ನು ಹತ್ತೋದೂ ಬೇಕು.

ಮೊದಲು ಸ್ಕ್ರೀನ್‌ಶಾಟ್: ಡ್ರೈವರ್ ಹೆಸರು, ಫೋಟೋ, ಗಾಡಿ ನಂಬರ್, ಟ್ರಿಪ್ ಐಡಿ, ದಾರಿಯ ಮ್ಯಾಪ್, ಸಮಯ. ಆಮೇಲೆ ಬಿಸಿ ಇದ್ದಾಗಲೇ ಏನಾಯ್ತು ಅಂತ ನಿಮ್ಮ ಮಾತಲ್ಲೇ ಬರ್ದಿಟ್ಕೊಳ್ಳಿ, ಅವರು ಹೇಳಿದ ಮಾತು ಹೇಗಿತ್ತೋ ಹಾಗೇ. ಆಪ್‌ನಲ್ಲಿ ದೂರು ಕೊಡೋವಾಗ "ಡ್ರೈವರ್ ವರ್ತನೆ ಸರಿ ಇರಲಿಲ್ಲ" ಅಂತ ಒಂದು ಸಾಲು ಬರೆದ್ರೆ ಒಂದು ಕ್ಷಮೆ ಮೆಸೇಜ್ ಬಂದು ಮುಗಿದುಹೋಗತ್ತೆ. "ಫೋಟೋದಲ್ಲಿರೋ ವ್ಯಕ್ತಿ ಬೇರೆ, ಓಡಿಸಿದವರು ಬೇರೆ", "ಎರಡು ಸಲ ನಿಲ್ಲಿಸಿ ಅಂದೆ, ನಿಲ್ಲಿಸಲಿಲ್ಲ" ಅಂತ ನಡೆದದ್ದನ್ನ ಬರೀರಿ. ಕಂಪ್ಲೇಂಟ್ ನಂಬರ್ ತಗೊಳ್ಳಿ. ಆಡಿಯೋ, ಜಿಪಿಎಸ್ ದಾಖಲೆ ಅಳಿಸದೇ ಇಟ್ಕೊಳ್ಳಿ ಅಂತ ಬರವಣಿಗೆಯಲ್ಲೇ ಕೇಳಿ, ಇಂಥವನ್ನ ಶಾಶ್ವತವಾಗಿ ಇಟ್ಕೊಳ್ಳಲ್ಲ. ಮುಟ್ಟಿದ್ರೆ, ಬೆದರಿಸಿದ್ರೆ, ಹಿಂಬಾಲಿಸಿದ್ರೆ ಆಪ್ ದೂರಿನ ಉತ್ತರಕ್ಕೆ ಕಾಯದೇ ನೇರ ಪೊಲೀಸರ ಹತ್ರ ಹೋಗಿ, ಟ್ರಿಪ್ ಮಾಹಿತಿಯನ್ನ ಕಂಪನಿಯಿಂದ ಅಧಿಕೃತವಾಗಿ ತರಿಸ್ಕೊಳ್ಳೋದು ಅವರ ಕೆಲಸ. ಕಂಪನಿ ಸುಮ್ಮನಿದ್ರೆ ಸಾರಿಗೆ ಇಲಾಖೆಗೆ ಅದೇ ನಂಬರ್ ಹಾಕಿ ಇನ್ನೊಂದು ದೂರು, ಲೈಸೆನ್ಸ್ ಕೊಡೋರು ಕೇಳಿದಾಗ ಕಂಪನಿ ಉತ್ತರ ಕೊಡ್ಲೇಬೇಕಾಗತ್ತೆ.

ಆ ಮಳೆ ರಾತ್ರಿಯ ಟ್ರಿಪ್ ಬಗ್ಗೆಯೂ ನಾನು ಹೀಗೇ ಬರೆದೆ, ಹುಡುಗ ಕೆಟ್ಟದಾಗಿ ನಡ್ಕೊಳ್ಳಲಿಲ್ಲ ಅನ್ನೋದನ್ನೂ ಸೇರಿಸಿ. ಮೊದಲು ಬಂದದ್ದು "ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ" ಅನ್ನೋ ರೆಡಿಮೇಡ್ ಉತ್ತರ. ಅದಕ್ಕೆ ರಿಪ್ಲೈ ಮಾಡಿ ಎರಡೇ ಪ್ರಶ್ನೆ ಕೇಳಿದೆ: ಈ ಅಕೌಂಟ್ ಈಗ ಓಡ್ತಿದ್ಯಾ, ಅಕೌಂಟಿನ ಮಾಲೀಕರ ಮುಖವನ್ನ ಮತ್ತೆ ತಾಳೆ ನೋಡಿದ್ರಾ? ನಾಲ್ಕನೇ ದಿನ ಒಬ್ಬರು ಫೋನ್ ಮಾಡಿ, ಅಕೌಂಟ್ ನಿಲ್ಲಿಸಿದೀವಿ, ಮಾಲೀಕರು ತಾವೇ ಬಂದು ಮುಖ ತೋರಿಸಿ ವೆರಿಫೈ ಮಾಡಿಸ್ಕೊಂಡ ಮೇಲೇ ಬಿಡ್ತೀವಿ ಅಂದ್ರು. ನೀವೂ ಆ ಎರಡು ಪ್ರಶ್ನೆ ಕೇಳಿ, ಉತ್ತರ ಬರೋವರೆಗೂ ಆ ದೂರನ್ನ ಕ್ಲೋಸ್ ಮಾಡೋಕೆ ಒಪ್ಕೋಬೇಡಿ.